ಹೆಸರಿಗೂ ಊರಿಗೂ ನಡುವೆ

ಅವರು ತೀರಿಕೊಂಡ ಸುದ್ದಿಯನ್ನು ಬರೆದವನು ನಾನೇ. ಏಳು ಸಾಲು. ಹೆಸರಿನ ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಓದಿದೆ, ಎದುರಿಗೆ ಕೂತ ಉಪಸಂಪಾದಕರಿಂದ ಓದಿಸಿದೆ, ಪುಟ ಅಚ್ಚಿಗೆ ಹೋಗುವ ಮುಂಚೆ ಮತ್ತೊಮ್ಮೆ ನೋಡಿದೆ. ಮಂತ್ರಿಗಳ ಹೆಸರಿಗೂ ನಾನು ಅಷ್ಟು ಕಷ್ಟಪಟ್ಟಿದ್ದಿಲ್ಲ. ಈ ಬರಹದಲ್ಲಿ ಮಾತ್ರ ಆ ಹೆಸರು ಬರುವುದಿಲ್ಲ. ಅದು ಇಬ್ಬರ ಹೆಸರು, ಒಬ್ಬರು ಇನ್ನೂ ಇದ್ದಾರೆ.

ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಿದ್ದರು. ನಾನು ಆಗ ಅದೇ ಊರಿನ ವರದಿಗಾರ. ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಟೇಬಲ್ಲು, ಎರಡು ಕುರ್ಚಿ. ಸುದ್ದಿ ಬರೆದು ಲಕೋಟೆಗೆ ಹಾಕಿ ಗುಲ್ಬರ್ಗಾ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ ಕಾಲ ಅದು. ಅವರ ಶಾಲೆಯ ವಿಜ್ಞಾನ ಪ್ರದರ್ಶನದ ಸುದ್ದಿ ಬಂದ ದಿನ ಮೊದಲ ಸಲ ಮೆಟ್ಟಿಲು ಹತ್ತಿ ಬಂದರು. ಬಿಳಿ ಧೋತರ, ಹಣೆಯ ಮೇಲೆ ಅಂಗಾರ ಅಕ್ಷತೆ, ಕೈಯಲ್ಲಿ ಮಡಚಿದ ಪೇಪರು. ಪೇಪರಿನಲ್ಲಿ ಅವರ ಹೆಸರಿನ ಕೆಳಗೆ ಕೆಂಪು ಗೆರೆ.

"ದೀರ್ಘ ಎಲ್ಲಿ ಹೋತ್ರಿ?"

"ಕಂಪೋಸಿಂಗ್ ಮಾಡೂದ್ರಾಗ ಬಿಟ್ಟಿರಬೇಕ್ರಿ ಸರ್."

"ಬಸ್ಸಿನಾಗ ಕಳಸ್ತೀರಲ್ಲ, ಟಿಕೇಟ್ ಇಲ್ಲಂತ ಕಂಡಕ್ಟರ್ ಇಳಿಸಿರಬೇಕು."

ನಾನು ನಕ್ಕೆ. ಅವರು ನಗಲಿಲ್ಲ. ಮರುದಿನ ತಿದ್ದುಪಡಿ ಹಾಕಬೇಕು ಅಂದರು. ಒಂದು ದೀರ್ಘಕ್ಕೆ ತಿದ್ದುಪಡಿ ಹಾಕುವ ಪದ್ಧತಿ ಇಲ್ಲ ಅಂದೆ. ಆಗ ಅವರು ಕುರ್ಚಿಯಲ್ಲಿ ಕೂತು ನನಗೆ ತಿಳಿಸಿ ಹೇಳಿದರು. "ನೋಡ್ರಿ, ನಾ ದಿನಾ ಮುಂಜಾನಿ ಸಂಧ್ಯಾವಂದನಿ ಮಾಡ್ತೀನಿ. ಗೋತ್ರ ಹೇಳಿ, ಸೂತ್ರ ಹೇಳಿ, ಹೆಸರು ಹೇಳಿ ದೇವರಿಗೆ ನಮಸ್ಕಾರ ಮಾಡ್ತೀನಿ. ದೇವರ ರಿಜಿಸ್ಟರಿನಾಗ ಒಂದು ಹೆಸರು, ನಿಮ್ಮ ಪೇಪರಿನಾಗ ಒಂದು ಹೆಸರು ಇದ್ದರ ಹ್ಯಾಂಗ್ರಿ?"

ಅವತ್ತಿನಿಂದ ಸುಮಾರು ಹದಿನೈದು ವರ್ಷ ಅವರು ನನ್ನ ಎದುರಿನ ಕುರ್ಚಿಯನ್ನು ಬಿಡಲಿಲ್ಲ.

ಅವರ ಹಟ ತಮ್ಮ ಹೆಸರಿಗಷ್ಟೇ ಇತ್ತು ಅಂದರೆ ತಪ್ಪಾಗುತ್ತದೆ. ಹತ್ತನೇ ತರಗತಿ ಮಕ್ಕಳ ಹೆಸರುಗಳನ್ನು ಪರೀಕ್ಷೆಗೆ ಕಳಿಸುವ ಕೆಲಸವನ್ನು ಅವರೇ ಕೇಳಿ ಪಡೆದಿದ್ದರು. ಪ್ರತಿ ಮಗುವಿನ ತಂದೆಯೋ ತಾಯಿಯೋ ಖುದ್ದಾಗಿ ಬಂದು ಹೆಸರು ಹೇಳಬೇಕು. ಒಮ್ಮೆ ನಾನು ಅಲ್ಲಿದ್ದಾಗ ರಾವೂರಿನ ಕಲ್ಲಿನ ಗಣಿಯಲ್ಲಿ ದುಡಿಯುವ ಒಬ್ಬರು, ಮೈಮೇಲಿನ ಬಿಳಿ ಧೂಳಿನ ಸಮೇತ ಬಂದು ನಿಂತಿದ್ದರು.

"ನಿನ್ನ ಮಗ ಶರಣಪ್ಪನೋ, ಸಾಬಣ್ಣನೋ?"

"ಸಾಲ್ಯಾಗ ಶರಣಪ್ಪರಿ, ಮನ್ಯಾಗ ಸಾಬಣ್ಣರಿ."

"ರೇಷನ್ ಕಾರ್ಡಿನಾಗ?"

"ಅದ್ರಾಗ ಸಣ್ಣ್ಯಾ ಅಂತ ಬರದಾರ್ರಿ."

"ಮೂರು ಮಂದಿ ಪರೀಕ್ಷಾ ಬರೀತಾರೇನು? ಹೋಗು, ಕಾರ್ಡ್ ತಗೊಂಬಾ."

ಆ ಮನುಷ್ಯನಿಗೆ ಒಂದು ದಿನದ ಕೂಲಿ ಹೋಯಿತು. ಹೊರಗೆ ಬಂದು ಮಾಸ್ತರರನ್ನು ಬೈದದ್ದನ್ನು ನಾನು ಕೇಳಿದ್ದೇನೆ. ಅದನ್ನು ಅಚ್ಚು ಹಾಕುವಂತಿಲ್ಲ. ಆದರೆ ಬೇರೆ ಶಾಲೆಯ ಮಕ್ಕಳು ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಪ್ಪಿ ವರ್ಷಗಟ್ಟಲೆ ನೋಟರಿಯ ಬಾಗಿಲಿಗೆ ಅಲೆಯುವುದನ್ನು ನೋಡುತ್ತಿದ್ದೆ. ಅವರ ಶಾಲೆಯ ಮಕ್ಕಳು ಅಲ್ಲಿ ಕಂಡದ್ದು ನೆನಪಿಲ್ಲ.

ಶಾಲೆಯ ನೀರಿನ ತೊಟ್ಟಿಗೆ ಅವರು ದೇಣಿಗೆ ಕೊಟ್ಟಾಗ ಶಹಾಬಾದಿನಿಂದ ಒಂದು ಫರಸಿ ಹಾಸುಗಲ್ಲು ಬಂತು, ಮೇಲೆ ಅವರ ಹೆಸರು ಕೆತ್ತಿಸಿ. ಕೆತ್ತುವವನೂ ದೀರ್ಘ ಬಿಟ್ಟಿದ್ದ. ಅವರು ಆ ಕಲ್ಲನ್ನು ಸುಮ್ಮನೆ ಮನೆಗೆ ಹೊರಿಸಿಕೊಂಡು ಹೋಗಿ ಬಚ್ಚಲಲ್ಲಿ ಹಾಕಿಸಿದರು. ಶಾಲೆಗೆ ಬೇರೆ ಕಲ್ಲು ಬಂತು. ಅವರ ಮನೆಗೆ ಹೋದಾಗ ವೈನಿ, ಅಂದರೆ ಅವರ ಹೆಂಡತಿ, ಚಹಾ ಕೊಡುತ್ತ ಹೇಳಿದ್ದರು. "ನಾ ಮದವಿ ಆಗಿ ಬಂದಾಗಿಂದ ಇವರ ಹೆಸರು ಬಾಯಿಲೆ ಹೇಳಿಲ್ರಿ. ಈಗ ದಿನಾ ಹೆಸರಿನ ಮ್ಯಾಲೇ ಅರಬಿ ಒಗೀತೀನಿ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಊರೇ ಅಡ್ಡಹೆಸರು. ತೆಂಗಳಿಯಿಂದ ಬಂದು ವಾಡಿಯಲ್ಲಿ ಮನೆ ಮಾಡಿದವರು ಮೂರು ತಲೆಮಾರು ಕಳೆದರೂ ತೆಂಗಳಿಯವರೇ. ಅವರ ಅಡ್ಡಹೆಸರೂ ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಆ ಹಳ್ಳಿಯಲ್ಲಿ ಅವರಿಗೆ ಮನೆಯಿರಲಿಲ್ಲ, ಹೊಲವಿರಲಿಲ್ಲ. ಅಜ್ಜನ ಕಾಲಕ್ಕೇ ಬಿಟ್ಟ ಊರು. ಹೆಸರಿನ ಬಾಲಕ್ಕೆ ಅಂಟಿಕೊಂಡು ಬಂದಿತ್ತು, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಅದೇ ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯಗುರುವನ್ನು ಅಮಾನತು ಮಾಡಿದರು. ಮಕ್ಕಳಿಗೆ ಹಂಚುವ ಅಕ್ಕಿಯ ದಾಸ್ತಾನಿನಲ್ಲಿ ವ್ಯತ್ಯಾಸ. ಆ ಮುಖ್ಯಗುರುವಿನ ಹೆಸರೂ ಇವರ ಹೆಸರೇ, ದೀರ್ಘದ ಸಮೇತ. ಸೇಡಂ ವರದಿಗಾರ ರಜೆಯಲ್ಲಿದ್ದುದರಿಂದ ಸುದ್ದಿ ನಾನು ಕಳಿಸಿದೆ. ಅಷ್ಟರಲ್ಲಿ ಬಸ್ಸಿನ ಬದಲು ಫ್ಯಾಕ್ಸ್ ಬಂದಿತ್ತು. ಮೊದಲು ಹೆಸರು, ಆಮೇಲೆ ಅಲ್ಪವಿರಾಮ, ಆಮೇಲೆ ಊರು ಬರಬೇಕಿತ್ತು. ಪೇಪರಿನಲ್ಲಿ ಅಲ್ಪವಿರಾಮ ಇರಲಿಲ್ಲ. ಮುಖ್ಯಗುರು ಇಂಥವರು, ಇಂಥ ಊರು ಅನ್ನುವುದು ಮುಖ್ಯಗುರು ಇಂಥವರು ಇಂಥ ಊರು ಅಂತಾಯಿತು. ಅದು ಚಿತ್ತಾಪುರದ ಕನ್ನಡ ಮಾಸ್ತರರ ಪೂರ್ಣ ಹೆಸರು.

ಅವತ್ತು ಅವರು ಬಂದಾಗ ಪೇಪರಿನ ಮೇಲೆ ಕೆಂಪು ಗೆರೆ ಇರಲಿಲ್ಲ. ಅದನ್ನು ಬಿಚ್ಚಿ ನನ್ನ ಟೇಬಲ್ಲಿನ ಮೇಲೆ ಹರಡಿದರು. ಆಮೇಲೆ, "ಇಪ್ಪತ್ತೆಂಟು ವರ್ಷ ಸರ್ವಿಸ್ ಆತು. ಮುಖ್ಯಗುರು ಅಂತ ನನ್ನ ಹೆಸರಿನ ಮುಂದ ಯಾರೂ ಬರದಿದ್ದಿಲ್ರಿ. ನೀವು ಬರದ್ರಿ. ಬರದು, ಅದೇ ಸಾಲಿನಾಗ ಸಸ್ಪೆಂಡೂ ಮಾಡಿದ್ರಿ" ಅಂದರು.

ಗುಲ್ಬರ್ಗಾದಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಅಲ್ಪವಿರಾಮ ಬಿಟ್ಟಿದ್ದಾರೆ ಅಂದೆ.

"ಹೆಸರು ಅಲ್ಪವಿರಾಮ ಅದ ಖರೆ. ಅಲ್ಪ ಅಲ್ರಿ ಅದು" ಅಂದು ಎದ್ದರು.

ಫ್ಯಾಕ್ಸಿನ ಮೂಲ ಪ್ರತಿ ನನ್ನ ಡ್ರಾಯರಿನಲ್ಲೇ ಇತ್ತು. ಆ ಸಂಜೆ ತೆಗೆದು ನೋಡಿದೆ. ಅಲ್ಪವಿರಾಮವನ್ನು ನಾನೇ ಹಾಕಿರಲಿಲ್ಲ. ಇದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ.

ಮೂರನೇ ದಿನ ತಿದ್ದುಪಡಿ ಬಂತು. ಒಳಪುಟದಲ್ಲಿ, ಚೌಕಟ್ಟಿನೊಳಗೆ ನಾಲ್ಕು ಸಾಲು. ಅವರು ಅದನ್ನು ಕತ್ತರಿಸಿ, ವಾಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿ ಕಿಸೆಯಲ್ಲಿಟ್ಟುಕೊಂಡರು. ಕೇಳಿದವರಿಗೆ ತೋರಿಸುತ್ತಿದ್ದರು. ಕೇಳದವರಿಗೂ ತೋರಿಸುತ್ತಿದ್ದರು. ಲಗ್ನದ ಊಟದ ಪಂಕ್ತಿಯಲ್ಲಿ ಎಡಗೈಯಿಂದ ತೆಗೆದು ಪಕ್ಕದವರ ಎಲೆಯ ಹತ್ತಿರ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಮಾನತಿನ ಸುದ್ದಿ ಓದದವರಿಗೂ ಇವರೇ ಅದನ್ನು ತಿಳಿಸಿದಂತಾಯಿತು. "ಸರ್, ಪೇಪರ್ ಅಂದ್ರ ಒಂದು ದಿನದ್ದು. ಸಂಜಿಗೆ ಅದ್ರಾಗ ಭಜಿ ಕಟ್ತಾರ, ಮರತುಬಿಡ್ರಿ" ಅಂತ ಹತ್ತು ಸಲ ಹೇಳಿದೆ. ನಿಧಾನಕ್ಕೆ ಮರೆತರು. ಕಾರ್ಡು ಕಿಸೆಯಿಂದ ಹೋಗಲಿಲ್ಲ, ತೋರಿಸುವುದು ನಿಂತಿತು.

ನಾನು ಗುಲ್ಬರ್ಗಾದ ಡೆಸ್ಕಿಗೆ ಬಂದೆ. ಅಮಾನತಿನ ಸುದ್ದಿ ಬಂದು ಐದು ವರ್ಷವಾಗಿರಬೇಕು. ಒಂದು ದಿನ ಮಧ್ಯಾಹ್ನ ಅವರು ಬೆವರುತ್ತ ಕಚೇರಿಯೊಳಗೆ ಬಂದರು. ಕೈಯಲ್ಲಿ ಕಂಪ್ಯೂಟರಿನಿಂದ ತೆಗೆಸಿದ ಒಂದು ಹಾಳೆ.

"ನಿಮ್ಮ ಭಜಿ ಕಟ್ಟೋ ಪೇಪರ್ ಎದ್ದು ಕುಂತದ ನೋಡ್ರಿ."

ಆದದ್ದು ಇಷ್ಟು. ನಮ್ಮ ಪತ್ರಿಕೆ ಇಂಟರ್ನೆಟ್ಟಿನಲ್ಲಿ ಮೊದಲಿನಿಂದಲೂ ಇತ್ತು. ಆದರೆ ಹಳೆಯ ಫಾಂಟಿನ ಅಕ್ಷರಗಳಲ್ಲಿ ಇದ್ದುದರಿಂದ ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಆ ವರ್ಷ ಬೆಂಗಳೂರಿನವರು ಹಳೆಯ ಸುದ್ದಿಗಳನ್ನೆಲ್ಲ ಹುಡುಕಿದರೆ ಸಿಗುವ ಹೊಸ ಅಕ್ಷರಕ್ಕೆ ಬದಲಾಯಿಸಿದರು. ಸತ್ತ ಸುದ್ದಿಗಳಿಗೆಲ್ಲ ಜೀವ ಬಂತು. ಚೌಕಟ್ಟಿನೊಳಗಿನ ತಿದ್ದುಪಡಿಗಳು ಚಿತ್ರದ ರೂಪದಲ್ಲಿದ್ದವು, ಅವು ಬದಲಾಗಲಿಲ್ಲ. ಹೀಗಾಗಿ ತಪ್ಪುಗಳೆಲ್ಲ ಎದ್ದವು, ತಿದ್ದುಪಡಿಗಳೆಲ್ಲ ಅಲ್ಲೇ ಮಲಗಿದವು.

ಇದು ಅವರಿಗೆ ತಿಳಿದ ಬಗೆ ಇನ್ನೂ ಕೆಟ್ಟದ್ದು. ಅವರ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಶಹಾಬಾದಿನ ಕಡೆ ಒಂದು ಖಾಸಗಿ ಶಾಲೆಯ ಕಮಿಟಿಯವರು ನಿವೃತ್ತಿಯಾದ ಕೂಡಲೇ ಮುಖ್ಯಗುರುವಾಗಿ ಬರಬೇಕು ಅಂತ ಬಾಯಿಮಾತು ಕೊಟ್ಟಿದ್ದರು. ಸರ್ಕಾರಿ ನೌಕರಿಯಲ್ಲಿ ಸಿಗದ ಆ ಪದ ಕಡೆಗಾದರೂ ಹೆಸರಿನ ಮುಂದೆ ಕೂಡುತ್ತದೆ ಅಂತ ಅವರು ನೇಮ್‌ಪ್ಲೇಟಿನ ಅಳತೆಯನ್ನೂ ಯೋಚಿಸಿದ್ದರು. ಕಮಿಟಿಯ ಕಾರ್ಯದರ್ಶಿ ಅವರ ಹೆಸರನ್ನು ಸೈಬರ್ ಸೆಂಟರಿನಲ್ಲಿ ಹಾಕಿ ನೋಡಿದರಂತೆ. ಮೊದಲು ಬಂದದ್ದೇ ಅಮಾನತು. "ಸ್ವಲ್ಪ ದಿನ ತಡೀರಿ ಸರ್" ಅಂದರಂತೆ.

ನಾನು ಕಂಪ್ಯೂಟರ್ ತೆರೆದು ತೋರಿಸಿದೆ. ಅವರು ಪರದೆಯನ್ನು ಓದಿದರು. ಆಮೇಲೆ ಕಿಸೆಯಿಂದ ಲ್ಯಾಮಿನೇಷನ್ ಕಾರ್ಡು ತೆಗೆದು ಪರದೆಗೆ ಎದುರಾಗಿ ಹಿಡಿದರು.

"ಅದಕ್ಕ ಇದನ್ನ ತೋರಸ್ರಿ."

"ಅದಕ್ಕ ಕಣ್ಣಿಲ್ರಿ ಸರ್."

"ಮತ್ತ ನನ್ನ ಹೆಸರು ಹ್ಯಾಂಗ ಕಾಣಸ್ತದ?"

ಬೆಂಗಳೂರಿಗೆ ಬರೆದೆ. ಹಳೆಯ ಸುದ್ದಿ ದಾಖಲೆ, ಅದನ್ನು ತೆಗೆಯುವುದಿಲ್ಲ ಅಂತ ಉತ್ತರ ಬಂತು. ನಾನೂ ಅದೇ ನಿಯಮವನ್ನು ನಂಬಿದವನು. ದಾಖಲೆಯನ್ನು ಕೇಳಿದವರ ಮುಲಾಜಿಗೆ ಅಳಿಸುತ್ತ ಹೋದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಆದರೆ ನಿಯಮವನ್ನು ಅವರಿಗೆ ಹೇಳುವಾಗ ನನ್ನ ಡ್ರಾಯರಿನ ಫ್ಯಾಕ್ಸ್ ಪ್ರತಿ ನೆನಪಾಗುತ್ತಿತ್ತು.

ಅಷ್ಟರಲ್ಲಿ ವಾಡಿಯ ಸೈಬರ್ ಸೆಂಟರಿನವನು ಅವರಿಗೊಂದು ಉಪಾಯ ಹೇಳಿಕೊಟ್ಟ. ಕೆಟ್ಟ ಸುದ್ದಿ ತೆಗೆಯಲು ಬರುವುದಿಲ್ಲ, ಒಳ್ಳೆಯ ಸುದ್ದಿ ಹೆಚ್ಚಾದರೆ ಅದು ತಾನೇ ಕೆಳಗೆ ಹೋಗುತ್ತದೆ. ಅಲ್ಲಿಂದ ನನ್ನ ಕಷ್ಟ ಶುರುವಾಯಿತು.

ವಾರಕ್ಕೆ ನಾಲ್ಕು ಪ್ರಕಟಣೆ. ಸೇಡಂನಲ್ಲಿ ಉಪನ್ಯಾಸ, ಚಿಂಚೋಳಿಯಲ್ಲಿ ಪುಸ್ತಕ ಬಿಡುಗಡೆ, ಕುರಕುಂಟಾದಲ್ಲಿ ಸಸಿ ನೆಡುವುದು. ಎಲ್ಲೆಡೆ ಅವರು ಉಪಸ್ಥಿತರು, ಎಲ್ಲೆಡೆ ಪೂರ್ಣ ಹೆಸರು ಮೂರು ಸಲ. ನಾನು ಎರಡು ಹೊಡೆದು ಹಾಕುತ್ತಿದ್ದೆ. ಮರುದಿನ ಬೆಳಿಗ್ಗೆ ಫೋನ್. "ಒಂದೇ ಸಲ ಬಂದದಲ್ರಿ?"

"ಸರ್, ಸಸಿ ಒಂದೇ ಅಲ್ರಿ ನೆಟ್ಟದ್ದು?"

"ಸಸಿ ಒಂದು. ನೀರು ಹಾಕಿದ್ದು ಬ್ಯಾರೆ, ಭಾಷಣ ಬ್ಯಾರೆ."

ಒಮ್ಮೆ ವಾಡಿಯ ರಕ್ತದಾನ ಶಿಬಿರಕ್ಕೆ ಹೋದರು. ಬಿ.ಪಿ. ಜಾಸ್ತಿ ಇದೆ ಅಂತ ಡಾಕ್ಟರು ವಾಪಸು ಕಳಿಸಿದರು. ಪ್ರಕಟಣೆಯಲ್ಲಿ ರಕ್ತದಾನಕ್ಕೆ ಮುಂದಾದರು ಅಂತ ಬರೆದು ತಂದರು. ಸುಳ್ಳಲ್ಲ ಅಂತ ವಾದಿಸಿದರು, ಅದು ನಿಜವಾಗಿ ಸುಳ್ಳೂ ಆಗಿರಲಿಲ್ಲ. ನಾನು ಪ್ರಕಟಿಸಿದೆ. ಡೆಸ್ಕಿನಲ್ಲಿ ನನ್ನನ್ನು ಅವರ ಪಿ.ಎ. ಅಂತ ಕರೆಯತೊಡಗಿದ್ದರು. ನಾನು ರೇಗಿದ್ದೂ ಇದೆ. "ಸರ್, ನಿಮ್ಮ ಹೆಸರಿಗೆ ನಾನು ನೌಕರಿ ಮಾಡ್ಲಿಕತ್ತೀನೇನ್ರಿ?" ಅಂದೆ ಒಂದು ದಿನ. "ನಾನೂ ಅದಕ್ಕೇ ನೌಕರಿ ಮಾಡ್ಲಿಕತ್ತೀನ್ರಿ" ಅಂದರು.

ಇಷ್ಟೆಲ್ಲ ಮಾಡಿ ಅಮಾನತು ಎರಡನೇ ಪುಟಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಬೆಂಗಳೂರಿನವರು ಪ್ರತಿ ಸುದ್ದಿಯ ಕೆಳಗೆ 'ಸಂಬಂಧಿಸಿದ ಸುದ್ದಿ' ಅಂತ ಒಂದು ಸಾಲು ಹೊಸದಾಗಿ ಸೇರಿಸಿದ್ದರು. ಅದನ್ನು ಕಂಪ್ಯೂಟರೇ ಹುಡುಕಿ ಹಾಕುತ್ತಿತ್ತು. ಈಗ ಅವರ ಸಸಿಯ ಕೆಳಗೆ ಅಮಾನತು, ಉಪನ್ಯಾಸದ ಕೆಳಗೆ ಅಮಾನತು, ಕೊಡದ ರಕ್ತದ ಕೆಳಗೂ ಅಮಾನತು. ಒಂದು ಇದ್ದದ್ದು ಮೂವತ್ತಾಯಿತು.

ನಾನು ಸಂಪಾದಕರ ಮುಂದೆ ಕೂತೆ. ಕಡೆಗೆ ಅವರು ಒಂದು ದಾರಿಗೆ ಒಪ್ಪಿದರು. ಹಳೆಯ ಸುದ್ದಿಯನ್ನು ಮುಟ್ಟುವುದಿಲ್ಲ, ಆದರೆ ಅದರ ತಲೆಯ ಮೇಲೆ ಒಂದು ಸ್ಪಷ್ಟನೆ ಹಾಕಬಹುದು. ಅಮಾನತಾದವರು ಯಾರು, ಅವರ ತಂದೆಯ ಹೆಸರೇನು, ಯಾವ ಶಾಲೆ ಅನ್ನುವುದನ್ನು ಪೂರ್ತಿ ಬರೆಯಬೇಕು, ಅದಕ್ಕೆ ಆ ಮನುಷ್ಯನ ಸಹಿಯ ಪತ್ರ ಬೇಕು. ನಾನೇ ಪತ್ರದ ಕರಡು ಬರೆದುಕೊಟ್ಟೆ. ಅಮಾನತಾದವನು ನಾನು, ಚಿತ್ತಾಪುರದ ಮಾಸ್ತರರಲ್ಲ ಅಂತ. ಅಲ್ಪವಿರಾಮಗಳನ್ನು ಎರಡು ಸಲ ನೋಡಿದೆ. ಮಾಸ್ತರರು ಅದನ್ನು ಮಡಚಿ ಕಾರ್ಡಿನ ಜೊತೆ ಕಿಸೆಯಲ್ಲಿಟ್ಟುಕೊಂಡು ಸೇಡಂ ಬಸ್ಸು ಹತ್ತಿ ತಮ್ಮ ಅಡ್ಡಹೆಸರಿನ ಊರಿಗೆ ಹೋದರು. ಆ ಊರನ್ನು ಅವರು ಕಂಡದ್ದು ಅದೇ ಮೊದಲು.

ಎರಡು ದಿನ ಬಿಟ್ಟು ನನ್ನ ಟೇಬಲ್ಲಿನ ಮೇಲೆ ಪತ್ರ ಇಟ್ಟರು. ಸಹಿ ಇರಲಿಲ್ಲ.

"ಒಪ್ಪಲಿಲ್ಲೇನ್ರಿ?"

"ಕೇಳಲಿಲ್ರಿ."

ನಾನು ಅವರ ಮುಖ ನೋಡಿದೆ.

"ಅವ ನನ್ನ ಕುಂದ್ರಿಸಿ ಚಹಾ ಕೊಟ್ಟ. ವಿಚಾರಣಿ ಆಗಿ ಎಂದೋ ನಿರ್ದೋಷಿ ಅಂತ ಬಿಟ್ಟಾರಂತ ಅವಂಗ. ಅಕ್ಕಿ ಲೆಕ್ಕ ಬ್ಯಾರೆ ಯಾರೋ ಬರೀತಿದ್ರಂತ. ಮತ್ತ ಅದೇ ಸಾಲ್ಯಾಗ ಮುಖ್ಯಗುರು ಇದ್ದಾನ. ಅದನ್ನ ನಿಮ್ಮ ಪೇಪರಿನಾಗ ಹಾಕಿದ್ರೇನು?"

ಹಾಕಿರಲಿಲ್ಲ. ಅಮಾನತು ಸುದ್ದಿ, ನಿರ್ದೋಷಿ ಅನ್ನುವುದು ನಮಗೆ ಸುದ್ದಿಯಲ್ಲ.

"ಮಗಳ ಲಗ್ನದ ಮಾತುಕತಿ ನಡದದ ಅವರ ಮನ್ಯಾಗ. ಈ ಕಾಗದ ತಗದಿದ್ರ ನಾಳೆ ಅವರ ಬೀಗರೂ ಸೈಬರಿಗೇ ಹೋಗ್ತಾರಲ್ರಿ. ನನ್ನ ಹೆಸರು ತೊಳೀಲಿಕ್ಕೆ ಅವರ ಮನಿ ನೀರು ಖಾಲಿ ಮಾಡ್ಲೇನು?"

"ಮತ್ತ ಶಹಾಬಾದಿನ ನೌಕರಿ?"

"ಅವನ ಹೆಸರೂ ನನ್ನ ಹೆಸರೇ ಅಲ್ರಿ" ಅಂದರು, ಅದೇ ಉತ್ತರ ಅನ್ನುವಂತೆ.

ನನಗೆ ಬಂದದ್ದು ಸಿಟ್ಟು. ಒಂದು ದೀರ್ಘಕ್ಕೆ ನನ್ನನ್ನು ಹದಿನೈದು ವರ್ಷ ಕಾಡಿದ ಮನುಷ್ಯ, ಎಲ್ಲ ಮುಗಿಯುವ ಹೊತ್ತಿಗೆ ಚಹಾ ಕುಡಿದು ಎದ್ದು ಬಂದಿದ್ದರು. ಸಂಪಾದಕರ ಎದುರು ನನ್ನ ಮಾತು ಹೋಯಿತು. ಆ ದಿನ ಅವರನ್ನು ಬಾಗಿಲ ತನಕವೂ ಕಳಿಸಿಕೊಡಲಿಲ್ಲ. ಕಮಿಟಿಯವರು ಬೇರೆಯವರನ್ನು ನೇಮಿಸಿಕೊಂಡರು. ಇವರು ಸಹಶಿಕ್ಷಕರಾಗಿಯೇ ನಿವೃತ್ತರಾದರು. ಪ್ರಕಟಣೆಗಳು ನಿಂತವು. ನನ್ನ ಫೋನು ಸುಮ್ಮನಾಯಿತು. ಅದಕ್ಕೆ ಹೊಂದಿಕೊಳ್ಳಲು ನನಗೆ ನಾನು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ನಿವೃತ್ತಿಯಾಗಿ ಎರಡು ವರ್ಷ ತುಂಬಿರಲಿಲ್ಲ. ಜ್ವರ ಅಂತ ಮಲಗಿದವರು ಏಳಲಿಲ್ಲ. ನಾನು ಚಿತ್ತಾಪುರಕ್ಕೆ ಹೋದೆ. ಒಳಗಿನ ಕೋಣೆಯಲ್ಲಿ ವೈನಿ ಗೋಡೆಗೆ ಆನಿಕೊಂಡು ಕೂತಿದ್ದರು. ಮಡಿಲಲ್ಲಿ ಆ ಲ್ಯಾಮಿನೇಷನ್ ಕಾರ್ಡಿತ್ತು.

"ಸುದ್ದಿ ಬರೀತೀರಲ್ರಿ? ದೀರ್ಘ ಬಿಡಬ್ಯಾಡ್ರಿ" ಅಂದರು. ಮೊದಲ ಸಲ ಅವರ ಬಾಯಿಂದ ಗಂಡನ ಹೆಸರು ಬಂತು, ಒಂದೊಂದೇ ಅಕ್ಷರ ಬಿಡಿಸಿ, ನಾನು ಬರೆದುಕೊಳ್ಳಲಿ ಅಂತ. ಆಮೇಲೆ ಕಾರ್ಡು ನೋಡುತ್ತ, "ಇದನ್ನ ಅವರ ಕೂಡ ಕಳಸೂದು ಮರತೆ. ಅಲ್ಲಿ ಚಿತ್ರಗುಪ್ತ ಲೆಕ್ಕದ ಪುಸ್ತಕ ತಗದು ಕೇಳಿದ್ರ ಏನು ತೋರಸ್ತಾರ?" ಅಂದರು. ಅಳುತ್ತಲೇ ನಕ್ಕರು.

ಸುದ್ದಿ ಬಂತು. ನಿವೃತ್ತ ಶಿಕ್ಷಕ ಅಂತ ಬರೆದು, ಪೂರ್ಣ ಹೆಸರು ಬರೆದು, ಅಡ್ಡಹೆಸರು ಸೇರಿಸಿ, ಮುಂದೆ ನಿಧನ ಅಂತ ಹಾಕಿದ್ದೆ. ದೀರ್ಘ ಇತ್ತು. ಬೇಡದ ಕಡೆ ಅಲ್ಪವಿರಾಮ ಇರಲಿಲ್ಲ. ಕಚೇರಿಗೆ ಬಂದು ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿದೆ. ಮೊದಲು ನಿಧನ, ಅದರ ಕೆಳಗೆ ಅಮಾನತು. ಸಸಿ, ಉಪನ್ಯಾಸ, ಪುಸ್ತಕಗಳಿಂದ ಆಗದ ಕೆಲಸ ಏಳು ಸಾಲಿನಿಂದ ಆಗಿತ್ತು.

ಹನ್ನೊಂದು ಗಂಟೆಗೆ ಫೋನ್ ಬಂತು. ಅಪರಿಚಿತ ಧ್ವನಿ. ಊರಿನ ಹೆಸರು ಹೇಳಿದರು, ಆಮೇಲೆ ತಮ್ಮ ಹೆಸರು ಹೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಹೊತ್ತು ಹೊಂಟಾಗಿಂದ ಫೋನ್ ಬರಾಕತ್ತಾವ್ರಿ. ನಮ್ಮೂರ ಮುಖ್ಯಗುರು ಸತ್ತಾರಂತ ಪೇಪರಿನಾಗ ಬಂದದಂತ. ಸಾಲಿಗಿ ರಜಾ ಕೊಡ್ಲೇನಂತ ನನಗೇ ಕೇಳಾಕತ್ತಾರ. ನಮ್ಮ ಬೀಗರು ಹಾರ ತಗೊಂಡು ಬಂದು ಅಂಗಳದಾಗ ನಿಂತಾರ."

ಅದೇ ತಪ್ಪು, ಈ ಸಲ ಹಿಮ್ಮುಖವಾಗಿ. ಮುದ್ರಣದಲ್ಲಿ ಎಲ್ಲವೂ ಸರಿಯಿತ್ತು. ಓದಿದವರು ನಿವೃತ್ತ ಅನ್ನುವುದನ್ನು ಬಿಟ್ಟು, ಇಲ್ಲದ ಅಲ್ಪವಿರಾಮವನ್ನು ತಾವೇ ಹಾಕಿಕೊಂಡು ಓದಿದ್ದರು. ತಪ್ಪಾಯಿತು, ನಾಳೆಯೇ ತಿದ್ದುಪಡಿ ಹಾಕುತ್ತೇನೆ ಅಂದೆ. ಪೆನ್ನು ಕೈಗೆ ಬಂದಿತ್ತು.

"ಆ ಮಾಸ್ತರ್ರು ಒಂದಿನ ನಮ್ಮ ಮನಿಗಿ ಬಂದಿದ್ರು" ಅಂದರು. "ಕಿಸೆದಾಗಿಂದ ಒಂದು ಕಾಗದ ಅರ್ಧ ಹೊರಗ ಬಂದಿತ್ರಿ. ಅದ್ರಾಗ ನನ್ನ ಹೆಸರು ಕಾಣ್ತು. ಯಾಕ ಬಂದಾರಂತ ತಿಳೀತು. ಅವರೂ ತಗೀಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು. ಮಗಳ ಲಗ್ನ ಇತ್ರಿ, ಬಾಯಿ ಬರ್ಲಿಲ್ಲ."

ಫೋನಿನ ಆ ಕಡೆ ಹಿಂದಿನಿಂದ ಯಾರೋ ಏನೋ ಕೇಳಿದರು. "ಬಂದೆ, ಹಾರ ಒಳಗ ಇಡ್ರಿ" ಅಂತ ಅವರು ಅತ್ತ ಕೂಗಿ, ಮತ್ತೆ ಫೋನಿಗೆ ಬಂದರು.

"ತಿದ್ದುಪಡಿ ಬ್ಯಾಡ ಬಿಡ್ರಿ. ಅವರು ಏಳೆಂಟು ವರ್ಷ ನನ್ನ ಸಸ್ಪೆಂಡ್ ಹೊತ್ತಾರ. ನಾ ಅವರ ಸಾವು ನಾಕು ದಿನ ಹೊರ್ತೀನಿ."